ಭಾನುವಾರದ ಪ್ರಶ್ನೋತ್ತರ: ಮೊಬೈಲ್ ಆ್ಯಪ್, ಊಟ, ನಡಿಗೆ

ಗುಂಪಿನ ನಿರ್ವಾಹಕ: ಇಂದು ಸಂಜೆ ಐದರಿಂದ ಆಹಾರ ತಜ್ಞೆಯವರು ನಮ್ಮ ಕೊಡಗಿನ ಗುಂಪಿನೊಂದಿಗೆ ಇರುತ್ತಾರೆ. ಊಟದ, ವ್ಯಾಯಾಮದ ಲೆಕ್ಕ ಇಡುವ ಆ್ಯಪ್‌ಗಳ ಬಗ್ಗೆ ಕೇಳಬಹುದು. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಸಂದೇಶ ದಯವಿಟ್ಟು ಬೇಡ. ಮಳೆಗೆ ಕರೆಂಟ್ ಹೋದರೆ ಉತ್ತರ ತಡವಾಗಬಹುದು.

ವಿರಾಜಪೇಟೆ ಸದಸ್ಯೆ: ನಮಸ್ಕಾರ ಮೇಡಂ. ಆ್ಯಪ್‌ನಲ್ಲಿ ಕಡಂಬುಟ್ಟು ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ರೈಸ್ ಬಾಲ್ ಎಂದು ಹಾಕಿದರೆ ಜಪಾನಿನ ಯಾವುದೋ ತಿಂಡಿ ಬರುತ್ತದೆ. ಪಾಪುಟ್ಟಿನದೂ ಅದೇ ಗತಿ. ಹೇಗೆ ಬರೆದಿಡಬೇಕು?

ಆಹಾರ ತಜ್ಞೆ: ನಮಸ್ಕಾರ ಅಕ್ಕ. ತಿಂಡಿಯ ಹೆಸರು ಹುಡುಕಬೇಡಿ, ಹಾಕಿದ ಸಾಮಾನು ಬರೆಯಿರಿ. ಮನೆ ಅಡುಗೆಯನ್ನು ನಾವೇ ಸೇರಿಸುವ ಜಾಗ ಬಹುತೇಕ ಆ್ಯಪ್‌ಗಳಲ್ಲಿದೆ. ಒಂದು ಕಿಲೋ ಅಕ್ಕಿ ತರಿಯಲ್ಲಿ ಸುಮಾರು 3,500 ಕ್ಯಾಲೊರಿ ಇರುತ್ತದೆ. ನೀರಿಗೂ ಉಪ್ಪಿಗೂ ಲೆಕ್ಕವಿಲ್ಲ. ಅದರಲ್ಲಿ 40 ಉಂಡೆ ಕಟ್ಟಿದರೆ ಒಂದಕ್ಕೆ 90ರ ಹತ್ತಿರ. ಪಾಪುಟ್ಟಿಗಾದರೆ ಹಾಲನ್ನೂ ತೆಂಗಿನ ತುರಿಯನ್ನೂ ಸೇರಿಸಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದಲ್ಲಿ 528 ಆಹಾರಗಳ ವಿಶ್ಲೇಷಣೆ ಇದೆ. ಅಕ್ಕಿ, ಬೇಳೆ, ಸೊಪ್ಪು, ಮಾಂಸಕ್ಕೆ ಅದನ್ನು ನಂಬಬಹುದು. ಆ್ಯಪ್‌ನಲ್ಲಿ ಕಾಣುವ ಸಿದ್ಧ ಅಡುಗೆಗಳ ಲೆಕ್ಕವನ್ನು ಎಷ್ಟೋ ಸಲ ನಿಮ್ಮಂತಹ ಬಳಕೆದಾರರೇ ಅಂದಾಜಿನಲ್ಲಿ ತುಂಬಿರುತ್ತಾರೆ.

ಮಡಿಕೇರಿ ಸದಸ್ಯ: ಪಂದಿ ಕರಿಗೆ ಎಷ್ಟು ಹಾಕಬೇಕು?

ಆಹಾರ ತಜ್ಞೆ: ತುಂಡು ನೋಡದೆ ಹೇಳಲಾಗುವುದಿಲ್ಲ. ಕೊಬ್ಬಿಲ್ಲದ ಹಂದಿ ಮಾಂಸ 100 ಗ್ರಾಂಗೆ 150ರ ಆಸುಪಾಸು, ಹೊಟ್ಟೆಯ ಭಾಗದ ಕೊಬ್ಬಿನ ತುಂಡಾದರೆ 500 ದಾಟುತ್ತದೆ. ಫೋಟೋ ತೆಗೆದು ಲೆಕ್ಕ ಹೇಳುವ ಆ್ಯಪ್‌ಗೆ ತಟ್ಟೆ ಕಾಣಿಸುತ್ತದೆ, ಮಸಾಲೆಯೊಳಗೆ ಇಳಿದಿರುವ ಕೊಬ್ಬು ಕಾಣಿಸುವುದಿಲ್ಲ.

ಸುಂಟಿಕೊಪ್ಪ ಸದಸ್ಯ: ಮೇಡಂ, ಯಾವ ಆ್ಯಪ್ ಒಳ್ಳೆಯದು?

ಆಹಾರ ತಜ್ಞೆ: ಮೂರು ತಿಂಗಳು ಬೇಸರವಿಲ್ಲದೆ ನೀವು ತೆರೆಯುವಂಥದ್ದು. ಹಣ ಕಟ್ಟುವ ಮೊದಲು ಉಚಿತವಾಗಿ ಸಿಗುವ ಭಾಗವನ್ನು ಬಳಸಿ ನೋಡಿ.

ಸಿದ್ದಾಪುರ ತೋಟದ ಮನೆ: ನನ್ನದು ಹೆಜ್ಜೆಯ ಪ್ರಶ್ನೆ. ತೋಟದ ರಸ್ತೆಯಲ್ಲಿ ಜೀಪಿನಲ್ಲಿ ಹೋಗಿ ಬಂದರೆ ಕೂತಲ್ಲೇ ಸಾವಿರ ಹೆಜ್ಜೆ ತೋರಿಸುತ್ತದೆ. ಜನವರಿಯಲ್ಲಿ ರೋಬಸ್ಟಾ ಕೊಯ್ಲಿನ ಹೊತ್ತಿಗೆ ಇಡೀ ದಿನ ಇಳಿಜಾರಿನಲ್ಲಿ ನಿಂತು ದುಡಿದರೂ ಮೂರು ಸಾವಿರ ದಾಟಲಿಲ್ಲ. ಇದನ್ನು ನಂಬಿ ಏನು ಮಾಡಬೇಕು? ಈಗಂತೂ ಮಳೆ. ಸಾಲದ್ದಕ್ಕೆ ಬೆಳಗಿನ ಹೊತ್ತು ಗೇಟಿನ ಬಳಿ ಆನೆ.

ಆಹಾರ ತಜ್ಞೆ: ಮೊಬೈಲ್‌ನೊಳಗೆ ಅಲುಗಾಟ ಅಳೆಯುವ ಸಣ್ಣ ಸಂವೇದಕವಿದೆ. ನಡಿಗೆಯ ಲಯಕ್ಕೆ ಹೊಂದುವ ಕುಲುಕಾಟವನ್ನೆಲ್ಲ ಅದು ಹೆಜ್ಜೆ ಎಂದು ಎಣಿಸುತ್ತದೆ, ಜೀಪಿನದೂ ಸೇರಿ. ಗಿಡದಿಂದ ಗಿಡಕ್ಕೆ ಸರಿಯುತ್ತ, ಕೊಂಬೆ ಬಗ್ಗಿಸಿ, ಮೂಟೆ ಎತ್ತಿ ಮಾಡುವ ಕೆಲಸ ಅದಕ್ಕೆ ಅರ್ಥವಾಗುವುದಿಲ್ಲ. ಕೊಯ್ಲಿನ ದಿನ ಹೆಜ್ಜೆ ನೋಡಲೇಬೇಡಿ. 10,000 ಎಂಬ ಗುರಿ ಕೂಡ ವೈದ್ಯಶಾಸ್ತ್ರದಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರೇ ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದಿತ್ತು, ಅದೇ ಲೋಕವೆಲ್ಲ ಹಬ್ಬಿತು. ಅಮೆರಿಕದಲ್ಲಿ ವಯಸ್ಸಾದ ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಡಿಗೆಯ ಲಾಭ ದಿನಕ್ಕೆ 7,500 ಹೆಜ್ಜೆಯ ಹತ್ತಿರ ಬಂದು ನಿಂತಿತು. ಗೇಟಿನ ಬಳಿ ಆನೆ ಇರುವ ದಿನ ಜಗಲಿಯಲ್ಲೇ ನಡೆಯಿರಿ.

ಕುಶಾಲನಗರ ಹಿರಿಯರು: ಎಲ್ಲರಿಗೂ ಉಪಯುಕ್ತ ಮಾಹಿತಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಿಸಿನೀರಿಗೆ ಎರಡು ಚಮಚ ಕಾಚಂಪುಳಿ ಹಾಕಿ ಕುಡಿಯಿರಿ. 15 ದಿನದಲ್ಲಿ 8 ಕಿಲೋ ಇಳಿಯುತ್ತದೆ. ಯಾವ ಆ್ಯಪ್ ಕೂಡ ಬೇಡ. ಕನಿಷ್ಠ ಹತ್ತು ಜನರಿಗೆ ಕಳುಹಿಸಿ.

ಆಹಾರ ತಜ್ಞೆ: ಹಿರಿಯರೇ, ಇದನ್ನು ದಯವಿಟ್ಟು ಅಳಿಸಿ. ಕಾಚಂಪುಳಿ ಎಂದರೆ ಹಣ್ಣಿನ ರಸ ಬತ್ತಿಸಿ ಅಡುಗೆಗೆ ಮಾಡಿಟ್ಟದ್ದು, ತೀರಾ ಹುಳಿ. ಖಾಲಿ ಹೊಟ್ಟೆಗೆ ದಿನವೂ ಸುರಿದರೆ ಹಲ್ಲಿನ ಹೊದಿಕೆ ಸವೆಯುತ್ತದೆ, ಎದೆ ಉರಿಯುತ್ತದೆ. ಅದೇ ಜಾತಿಯ ಹಣ್ಣಿನ ಸಾರವನ್ನು ತೂಕ ಇಳಿಸುವ ಗುಳಿಗೆ ಮಾಡಿ ಗಾರ್ಸಿನಿಯಾ ಎಂಬ ಹೆಸರಿನಲ್ಲಿ ಮಾರುತ್ತಾರೆ. ಆ ಗುಳಿಗೆ ನುಂಗಿದ ಕೆಲವರ ಯಕೃತ್ತು ತೀವ್ರವಾಗಿ ಕೆಟ್ಟ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಇವೆ. 15 ದಿನದಲ್ಲಿ 8 ಕಿಲೋ ಇಳಿದರೆ ಸಂತೋಷಪಡುವ ಬದಲು ಆಸ್ಪತ್ರೆಗೆ ಹೋಗಬೇಕು.

ಕುಶಾಲನಗರ ಹಿರಿಯರು: ನಮ್ಮ ಅಜ್ಜಿ ತೊಂಬತ್ತು ವರ್ಷ ಕಾಚಂಪುಳಿ ತಿಂದು ಬದುಕಿದರು.

ಆಹಾರ ತಜ್ಞೆ: ಅವರು ಅದನ್ನು ಪಂದಿ ಕರಿಗೆ ಹಾಕಿದರು, ಲೋಟಕ್ಕಲ್ಲ.

ಶನಿವಾರಸಂತೆ ಸದಸ್ಯ: 3,000 ರೂಪಾಯಿ ಒಳಗೆ ಒಳ್ಳೆಯ ಸ್ಮಾರ್ಟ್ ವಾಚ್ ಯಾವುದು?

ಗೋಣಿಕೊಪ್ಪ ತಾಯಿ: ಮೇಡಂ, ಸಣ್ಣ ಪ್ರಶ್ನೆ. ಮಗಳಿಗೆ 16 ವರ್ಷ, ಪಿಯುಸಿ ಓದುತ್ತಿದ್ದಾಳೆ. ಹಾಕಿ ಆಡುತ್ತಾಳೆ, ಬೇಸಿಗೆಯಲ್ಲಿ ನಮ್ಮ ಮನೆತನದ ತಂಡದಲ್ಲೂ ಆಡಿದಳು. ಅಂದಿನಿಂದ ಆ್ಯಪ್ ಹಾಕಿಕೊಂಡು ಬಹಳ ಶಿಸ್ತಾಗಿದ್ದಾಳೆ. ಅಡುಗೆಮನೆಯ ತಕ್ಕಡಿಯಲ್ಲಿ ಅನ್ನ ತೂಗಿ ತಿನ್ನುತ್ತಾಳೆ, ದಿನಕ್ಕೆ 1,200 ಕ್ಯಾಲೊರಿ ಮೀರುವುದಿಲ್ಲ. 54 ಕಿಲೋ ಇದ್ದವಳು 46 ಆದಳು. ಲೆಕ್ಕ ಗೊತ್ತಿಲ್ಲದ್ದನ್ನು ಬಾಯಿಗೆ ಇಡುವುದಿಲ್ಲ. ಈ ಕಕ್ಕಡ ಮಾಸದಲ್ಲಿ ಮದ್ದು ಸೊಪ್ಪಿನ ಪಾಯಸವನ್ನೂ ಮುಟ್ಟಲಿಲ್ಲ, ಅಜ್ಜಿಗೆ ಬೇಸರವಾಯಿತು. ನಮ್ಮ ಕಡೆಯ ಅಡುಗೆಗಳ ಲೆಕ್ಕ ಇರುವ ಆ್ಯಪ್ ಇದ್ದರೆ ಊಟದ ಹೊತ್ತಿನ ಜಗಳ ತಪ್ಪುತ್ತದೆ. ಮುಟ್ಟು ನಾಲ್ಕು ತಿಂಗಳಿಂದ ಬಂದಿಲ್ಲ, ಆಟಗಾರ್ತಿಯರಿಗೆ ಹಾಗಾಗುತ್ತದೆ ಎಂದು ಗೆಳತಿಯರು ಹೇಳಿದರಂತೆ. ಮೊಣಕಾಲಿನ ಕೆಳಗಿನ ಎಲುಬು ನೋಯುತ್ತದೆ ಎನ್ನುತ್ತಾಳೆ, ಎಣ್ಣೆ ಹಚ್ಚುತ್ತಿದ್ದೇವೆ.

ಆಹಾರ ತಜ್ಞೆ: ಅಕ್ಕ, ಇದು ಸಣ್ಣ ಪ್ರಶ್ನೆಯಲ್ಲ. ಆ್ಯಪ್‌ನ ಮಾತು ಆಮೇಲೆ, ಮೊದಲು ಇದನ್ನು ಓದಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕೋಷ್ಟಕದ ಪ್ರಕಾರ 16ರಿಂದ 18 ವಯಸ್ಸಿನ ಹುಡುಗಿಗೆ ದಿನಕ್ಕೆ ಸುಮಾರು 2,500 ಕ್ಯಾಲೊರಿ ಬೇಕು. ನಿಮ್ಮ ಮಗಳು ಅದರ ಅರ್ಧಕ್ಕಿಂತ ಕಡಿಮೆ ತಿಂದು ಮೈದಾನದಲ್ಲಿ ಓಡುತ್ತಿದ್ದಾಳೆ. ದೇಹಕ್ಕೆ ಸಾಲದಾದಾಗ ಅದು ಖರ್ಚು ಕಡಿತ ಮಾಡುತ್ತದೆ. ಮೊದಲು ಮುಟ್ಟನ್ನು ನಿಲ್ಲಿಸುತ್ತದೆ. ಈಸ್ಟ್ರೋಜನ್ ಎಂಬ ಹಾರ್ಮೋನ್ ಇಳಿದರೆ ಎಲುಬಿಗೆ ಸೇರಬೇಕಾದದ್ದು ಸೇರುವುದಿಲ್ಲ, ಎಲುಬು ಗಟ್ಟಿಯಾಗುವ ವಯಸ್ಸೂ ಇದೇ. ಇಂತಹ ಸ್ಥಿತಿಯಲ್ಲಿ ಕಾಲೆಲುಬಿನ ನೋವು ಎಂದರೆ ಸೂಕ್ಷ್ಮ ಬಿರುಕು ಇರಬಹುದು. ಅದರ ಮೇಲೆ ಓಡಿದರೆ ಪೂರ್ತಿ ಮುರಿಯಬಹುದು. ಎಣ್ಣೆ ಹಚ್ಚುವುದನ್ನು ನಿಲ್ಲಿಸಿ, ವೈದ್ಯರು ನೋಡುವವರೆಗೆ ಓಟವನ್ನೂ ನಿಲ್ಲಿಸಿ. ಕ್ರೀಡಾ ವೈದ್ಯರಿಗೆ ಇದು ಹೊಸದಲ್ಲ. ಆಟಗಾರರ ಈ ಶಕ್ತಿಯ ಕೊರತೆಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಒಂದು ಹೆಸರು ಕೊಟ್ಟು ಎಚ್ಚರಿಸಿದೆ, ಹುಡುಗರಿಗೂ ಬರುತ್ತದೆ ಎಂದೂ ಹೇಳಿದೆ. ಆಟಗಾರ್ತಿಯರಿಗೆ ಹಾಗಾಗುವುದು ನಿಜ, ಆದರೆ ಅದು ಕಾಯಿಲೆಯ ಲಕ್ಷಣ.

1,200 ಎಂಬ ಅಂಕಿ ಎಲ್ಲಿಂದ ಬಂತು ಎಂದು ಕೇಳಿ ನೋಡಿ. ಹೀಗೆ ಲೆಕ್ಕ ಇಡುವ ಹಲವು ಆ್ಯಪ್‌ಗಳು 18 ತುಂಬಿದವರಿಗೆ ಮಾತ್ರ. ಮಕ್ಕಳು ಹುಟ್ಟಿದ ವರ್ಷವನ್ನು ಹಿಂದಕ್ಕೆ ಹಾಕಿ ಒಳಗೆ ಹೋಗುತ್ತಾರೆ, ಬೇಗ ತೂಕ ಇಳಿಸಬೇಕು ಎಂದು ಒತ್ತುತ್ತಾರೆ, ಆ್ಯಪ್ ಒಂದು ಗುರಿ ಕೊಟ್ಟುಬಿಡುತ್ತದೆ. ಕೇಳಿದವಳು ಬೆಳೆಯುವ ಹುಡುಗಿಯೋ ನಲವತ್ತರ ಹೆಂಗಸೋ ಅದಕ್ಕೆ ಗೊತ್ತಿಲ್ಲ. ಕಡಿಮೆ ತಿಂದ ದಿನ ಹಸಿರು ಬಣ್ಣ ತೋರಿಸಿ ಭೇಷ್ ಎನ್ನುತ್ತದೆ.

ಈ ವಾರವೇ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ನಿಮ್ಮ ವೈದ್ಯರ ಬಳಿಗೋ ಕರೆದುಕೊಂಡು ಹೋಗಿ. ಮುಟ್ಟಿನ ವಿಷಯವನ್ನೂ ಎಲುಬಿನ ನೋವನ್ನೂ ಎರಡನ್ನೂ ಹೇಳಿ, ಒಂದನ್ನು ಹೇಳಿ ಬಂದುಬಿಡಬೇಡಿ. ತಲೆಸುತ್ತಿ ಬಿದ್ದರೆ, ಎದೆ ಡವಗುಟ್ಟಿದರೆ ವಾರ ಕಾಯಬೇಡಿ. ಮೊಬೈಲ್ ಕಿತ್ತುಕೊಳ್ಳಬೇಡಿ, ತಟ್ಟೆಯ ಮುಂದೆ ಜಗಳ ಬೇಡ, ತೆಳ್ಳಗಾದೆ ಎಂದು ಯಾರೂ ಹೊಗಳುವುದೂ ಬೇಡ. ಲೆಕ್ಕ ಸಿಗದ ಊಟದ ಮುಂದೆ ಅವಳಿಗೆ ಆಗುವುದು ಹಟವಲ್ಲ, ಭಯ. ಮಾತನಾಡಲು ಯಾರಾದರೂ ಬೇಕಾದರೆ ಟೆಲಿಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇದೆ, ನೀವೂ ಕರೆ ಮಾಡಬಹುದು.

ಪೊನ್ನಂಪೇಟೆ ತರಬೇತುದಾರ: ಮೇಡಂ, ಗೌರವದಿಂದಲೇ ಹೇಳುತ್ತೇನೆ. ಇಷ್ಟು ಹೆದರಿಸಬೇಡಿ. ಮೈ ಹಗುರವಾದರೆ ಓಟ ಚುರುಕಾಗುತ್ತದೆ. ನಮ್ಮ ಹುಡುಗಿಯರಿಗೆ ನಾನೂ ತೂಕದ ಗುರಿ ಕೊಡುತ್ತೇನೆ.

ನಾಪೋಕ್ಲು ಅಕ್ಕ: ಗುರಿ ಕೊಡುವಾಗ ಮುಟ್ಟು ಬರುತ್ತಿದೆಯೇ ಎಂದು ಕೇಳುತ್ತೀರಾ?

ಪೊನ್ನಂಪೇಟೆ ತರಬೇತುದಾರ: ಅದನ್ನು ನಾನು ಹೇಗೆ ಕೇಳಲಿ? ಅದು ತಾಯಂದಿರ ಕೆಲಸ.

ನಾಪೋಕ್ಲು ಅಕ್ಕ: ತೂಕ ಕೇಳಲು ಬರದ ಸಂಕೋಚ ಇದಕ್ಕೆ ಮಾತ್ರ ಬರುತ್ತದೆಯೇ?

ಸೋಮವಾರಪೇಟೆ ಸದಸ್ಯ: ಹುಡುಗಿಯರಿಗೆ ಇಷ್ಟೆಲ್ಲ ಓಡಾಟ ಏಕೆ ಬೇಕು? ಓದಲಿ.

ನಾಪೋಕ್ಲು ಅಕ್ಕ: 1997ರಲ್ಲಿ ಕರಡದಲ್ಲಿ ಮನೆತನಗಳ ನಡುವಿನ ಕೌಟುಂಬಿಕ ಹಾಕಿ ಶುರುವಾದಾಗಿನಿಂದ ನೋಡುತ್ತಿದ್ದೇನೆ. ಸೊಸೆಯಂದಿರು, ಅಜ್ಜಂದಿರು ಎಲ್ಲರೂ ಸ್ಟಿಕ್ ಹಿಡಿದ ಊರು ಇದು. ನಿಮ್ಮ ಸಲಹೆ ನಿಮ್ಮ ಮನೆಯಲ್ಲೇ ಇರಲಿ.

ಸೋಮವಾರಪೇಟೆ ಸದಸ್ಯ: ನಾನು ಕೊಡಗಿನವನಲ್ಲವೇ? ಸೋಮವಾರಪೇಟೆ ಯಾವ ಜಿಲ್ಲೆ?

ಆಹಾರ ತಜ್ಞೆ: ತರಬೇತುದಾರರೇ, ಮೊದಲ ಕೆಲವು ವಾರ ಚುರುಕು ಎನಿಸಬಹುದು. ಆಮೇಲೆ ಬಲ ಕುಂದುತ್ತದೆ, ಗಾಯ ಮಾಯುವುದಿಲ್ಲ, ಪದೇ ಪದೇ ಜ್ವರ. ಬೆಳೆಯುವ ಮಕ್ಕಳಿಗೆ ತೂಕದ ಗುರಿ ಕೊಡುವುದನ್ನು ದಯವಿಟ್ಟು ನಿಲ್ಲಿಸಿ. ಜಿಲ್ಲೆಯ ಚರ್ಚೆ ಬೇರೆಡೆ ಮಾಡಿ.

ಮಡಿಕೇರಿ ಸದಸ್ಯ: ವಾಚಿನಲ್ಲಿ ಇವತ್ತು 420 ಕ್ಯಾಲೊರಿ ಕರಗಿತು ಎಂದು ಬಂದಿದೆ. ಅಷ್ಟು ಹೆಚ್ಚಿಗೆ ತಿನ್ನಬಹುದೇ?

ಆಹಾರ ತಜ್ಞೆ: ಬೇಡ. ಕೈಗೆ ಕಟ್ಟುವ ಏಳು ಸಾಧನಗಳನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಪರೀಕ್ಷಿಸಿದರು. ಹೃದಯ ಬಡಿತದ ಲೆಕ್ಕ ಬಹುತೇಕ ಸರಿಯಿತ್ತು. ಕ್ಯಾಲೊರಿಯ ಲೆಕ್ಕದಲ್ಲಿ ಅತ್ಯುತ್ತಮವಾದದ್ದೇ ಸರಾಸರಿ ಶೇ 27ರಷ್ಟು ತಪ್ಪಿತ್ತು, ಕೊನೆಯದು ಶೇ 93ರಷ್ಟು.

ಅಮ್ಮತ್ತಿ ಸೊಸೆ: ಮೇಡಂ, ನಮ್ಮ ಮಾವನವರಿಗೆ 67. ಸಕ್ಕರೆ ಕಾಯಿಲೆಗೆ ಬೆಳಗ್ಗೆ ಗ್ಲಿಮೆಪಿರೈಡ್ ಮಾತ್ರೆ. ಈಗ ಉಪವಾಸದ ಆ್ಯಪ್ ಹಾಕಿಕೊಂಡು ಹದಿನಾರು ಗಂಟೆ ಏನೂ ತಿನ್ನುವುದಿಲ್ಲ. ಹತ್ತು ಗಂಟೆಯ ಹೊತ್ತಿಗೆ ಬೆವರಿ ಕೈ ನಡುಗುತ್ತದೆ. ಆ್ಯಪ್‌ನಲ್ಲಿ ಅದೇ ಹೊತ್ತಿಗೆ ಕೊಬ್ಬು ಕರಗುತ್ತಿದೆ ಎಂದು ತೋರಿಸುತ್ತದೆ. ಮುಂದುವರಿಸಬಹುದೇ?

ಆಹಾರ ತಜ್ಞೆ: ಬೇಡ. ಅದು ಕೊಬ್ಬು ಕರಗುವುದಲ್ಲ, ರಕ್ತದ ಸಕ್ಕರೆ ಕುಸಿಯುವುದು. ಆ ಮಾತ್ರೆ ಹೊಟ್ಟೆ ಖಾಲಿ ಇದ್ದರೂ ಇನ್ಸುಲಿನ್ ಬಿಡಿಸುತ್ತದೆ. ನಾಳೆ ಬೆಳಗ್ಗೆ ಉಪವಾಸವಿಲ್ಲ, ತಿಂಡಿ ತಿನ್ನಬೇಕು. ಇಂದೇ ವೈದ್ಯರಿಗೆ ಕರೆ ಮಾಡಿ, ಮಾತ್ರೆಯ ಪ್ರಮಾಣವನ್ನು ಅವರೇ ಹೇಳಲಿ. ನಡುಕ ಬಂದ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡಿ. 15 ನಿಮಿಷ ಬಿಟ್ಟು ರಕ್ತದ ಸಕ್ಕರೆ ಪರೀಕ್ಷಿಸಿ, 70ಕ್ಕಿಂತ ಕಡಿಮೆ ಇದ್ದರೆ ಮತ್ತೆ ಕೊಡಿ, ಆಮೇಲೆ ಊಟ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ನಿಧಾನವಾಗಿ ಏರುತ್ತದೆ. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ನೆಟ್‌ವರ್ಕ್ ಇಲ್ಲದ ತೋಟಕ್ಕೆ ಒಬ್ಬರೇ ಹೋಗುವುದು ಬೇಡ.

ಕುಶಾಲನಗರ ಹಿರಿಯರು: ಸಕ್ಕರೆ ಕಾಯಿಲೆಗೆ ಹಾಗಲಕಾಯಿ ರಸ ಕುಡಿದು ಮಾತ್ರೆ ಬಿಟ್ಟವರು ಸಾವಿರ ಜನ ಇದ್ದಾರೆ. ವಿಡಿಯೋ ಕಳುಹಿಸುತ್ತಿದ್ದೇನೆ.

ಆಹಾರ ತಜ್ಞೆ: ಕಳುಹಿಸಬೇಡಿ. ಮೇಲೆ ಒಬ್ಬರ ಸಕ್ಕರೆ ಕುಸಿಯುತ್ತಿದೆ, ನೀವು ಅದನ್ನು ಇನ್ನೂ ಇಳಿಸುವ ರಸ ಹೇಳುತ್ತಿದ್ದೀರಿ. ಪ್ರಶ್ನೆಯನ್ನು ಓದಿದಿರಾ?

ಕುಶಾಲನಗರ ಹಿರಿಯರು: ಓದು ಕಲಿತವರು ನೀವೊಬ್ಬರೇ. ಆ್ಯಪ್ ಕಂಪನಿಯವರು ಎಷ್ಟು ಕೊಡುತ್ತಾರೆ?

ವಿರಾಜಪೇಟೆ ಸದಸ್ಯೆ: ಭಾನುವಾರ ಸಂಜೆ ಬಿಡುವು ಮಾಡಿಕೊಂಡು ಪುಕ್ಕಟೆ ಉತ್ತರಿಸುವವರಿಗೆ ಈ ಮಾತೇ?

ಗುಂಪಿನ ನಿರ್ವಾಹಕ: ಹಿರಿಯರ ವಿಡಿಯೋ ಅಳಿಸಿದ್ದೇನೆ. ಇನ್ನೊಮ್ಮೆ ಬಂದರೆ ಗುಂಪಿನಿಂದ ತೆಗೆಯುತ್ತೇನೆ.

ಭಾಗಮಂಡಲ ಸದಸ್ಯೆ: ಕಾಫಿಗೆ ಸಕ್ಕರೆ ಬದಲು ಬೆಲ್ಲ ಹಾಕಿದರೆ ಆ್ಯಪ್‌ನಲ್ಲಿ ಲೆಕ್ಕ ಕಡಿಮೆ ಬರುತ್ತದೆಯೇ?

ಕುಟ್ಟ ಸದಸ್ಯ: ಪಂದಿ ಕರಿಗೆ ಎಷ್ಟು ಕ್ಯಾಲೊರಿ, ಯಾವ ಆ್ಯಪ್ ಒಳ್ಳೆಯದು?

ಆಹಾರ ತಜ್ಞೆ: ಎರಡೂ ಮೇಲಿವೆ.

ಕುಟ್ಟ ಸದಸ್ಯ: ಮೇಲೆ ಎಂದರೆ ಎಲ್ಲಿ? ಇಷ್ಟುದ್ದ ಯಾರು ಓದುತ್ತಾರೆ?

ಆಹಾರ ತಜ್ಞೆ: ಹಾಗಾದರೆ ನಾನು ಬರೆದದ್ದು ಯಾರಿಗೆ? ಗೋಣಿಕೊಪ್ಪದ ಅಕ್ಕ, ನೀವು ಓದಿದ್ದೀರಿ ಎಂದು ತೋರಿಸುತ್ತಿದೆ, ಉತ್ತರ ಬಂದಿಲ್ಲ. ಉಳಿದವರು ಸ್ವಲ್ಪ ಹೊತ್ತು ಸುಮ್ಮನಿರಿ.

ಗೋಣಿಕೊಪ್ಪ ತಾಯಿ: ಇದ್ದೇನೆ ಮೇಡಂ. ಕರೆಂಟ್ ಹೋಗಿತ್ತು. ಮಗಳ ಜೊತೆ ಮಾತನಾಡಿದೆ. ಮೊದಲು ಸಿಟ್ಟಾದಳು, ಆಮೇಲೆ ಅತ್ತಳು. ಮೆಟ್ಟಿಲು ಹತ್ತುವಾಗಲೂ ಕಾಲು ನೋಯುತ್ತದಂತೆ, ನಮಗೆ ಹೇಳಿರಲಿಲ್ಲ. ಮಂಗಳವಾರ ಮಡಿಕೇರಿಗೆ ಹೋಗುತ್ತೇವೆ, ಅವಳ ಅಪ್ಪ ಬರಬಾರದು ಎಂದಿದ್ದಾಳೆ. ಆ್ಯಪ್ ಅಳಿಸಿಬಿಡಲೇ?

ಆಹಾರ ತಜ್ಞೆ: ಈಗ ಬೇಡ. ಗುರಿ ಮತ್ತು ನೆನಪಿನ ಗಂಟೆಯನ್ನು ಮಾತ್ರ ಅವಳ ಕೈಯಿಂದಲೇ ನಿಲ್ಲಿಸಿ. ಇಷ್ಟು ತಿಂಗಳು ಏನು ತಿಂದಳು, ತೂಕ ಯಾವಾಗ ಎಷ್ಟು ಇಳಿಯಿತು ಎಂಬುದೆಲ್ಲ ತಾರೀಖಿನ ಸಮೇತ ಅದರಲ್ಲಿದೆ. ಅವಳು ಒಪ್ಪಿದರೆ ವೈದ್ಯರಿಗೆ ತೋರಿಸಿ, ಬಾಯಿಯಲ್ಲಿ ಹೇಳುವುದಕ್ಕಿಂತ ಸುಲಭ. ಕೊನೆಯ ಮುಟ್ಟಿನ ತಾರೀಖನ್ನು ಬರೆದುಕೊಂಡು ಹೋಗಿ. ಅಪ್ಪ ಬೇಡ ಎಂದರೆ ಬೇಡ. ನಾಳೆ ಬೆಳಗಿನ ಅಭ್ಯಾಸಕ್ಕೆ ಕಳುಹಿಸಬೇಡಿ.

ಗೋಣಿಕೊಪ್ಪ ತಾಯಿ: ತರಬೇತುದಾರರಿಗೆ ಏನು ಹೇಳಲಿ?

ಆಹಾರ ತಜ್ಞೆ: ಕಾಲು ನೋವು, ವೈದ್ಯರು ನೋಡುವವರೆಗೆ ವಿಶ್ರಾಂತಿ ಎಂದು ಹೇಳಿ. ಅಷ್ಟು ಸಾಕು.