ಒರೆಗಾನೊ ಗಿಡಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಮೂಡಿಗೆರೆಯಿಂದ:
ನಮ್ಮ ಹೋಂಸ್ಟೇ ಕೈತೋಟದ ಗಿಡಗಳಿಗೆ ಹೆಸರಿನ ಫಲಕ ಬರೆಸುತ್ತಿದ್ದೇವೆ. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾರೆ. ಒರೆಗಾನೊ ಒಂದೇ ಬಾಕಿ. ವಾಸನೆ ಹೆಚ್ಚುಕಡಿಮೆ ದೊಡ್ಡಪತ್ರೆಯದೇ. ಹಾಗೆಯೇ ಬರೆಸಬಹುದೇ?

ಹಾಸನದಿಂದ:
ಬರೆಸಬಾರದು. ದೊಡ್ಡಪತ್ರೆಯ ಎಲೆ ದಪ್ಪ, ಮೈಯೆಲ್ಲ ನವಿರು ರೋಮ, ಹಿಂಡಿದರೆ ರಸ. ತಂಬುಳಿಗೆ ಒದಗುವುದು ಅದು. ಒರೆಗಾನೊ ಎಲೆ ತೆಳು, ಚಿಕ್ಕದು. ಒಣಗಿದ ಮೇಲೆ ಅದರ ಘಾಟು ಇನ್ನೂ ಏರುತ್ತದೆ. ಪಿಜ್ಜಾ ಮೇಲೆ ಒಣಗಿದ್ದನ್ನೇ ಉದುರಿಸುವುದು ಅದಕ್ಕೇ. ಎರಡೂ ತುಳಸಿಯ ಕುಟುಂಬದವು, ಎರಡರ ಎಣ್ಣೆಯಲ್ಲೂ ಕಾರ್ವಕ್ರಾಲ್ ಎಂಬ ಘಾಟಿನ ಅಂಶವಿದೆ, ವಾಸನೆ ಹೋಲುತ್ತದೆ. ಅಷ್ಟೇ. ಇಂಗ್ಲಿಷಿನಲ್ಲಿ ದೊಡ್ಡಪತ್ರೆಯನ್ನು ಕ್ಯೂಬನ್ ಒರೆಗಾನೊ ಎನ್ನುತ್ತಾರೆಂದು ಆ ಗೊಂದಲವನ್ನು ನಾವೂ ಹೊರಬೇಕಿಲ್ಲ.

ಒರೆಗಾನೊಗೆ ಹತ್ತಿರದ ನೆಂಟ ಮರುಗ, ಹೂವಿನವರು ಮಲ್ಲಿಗೆಯ ಜೊತೆ ಕಟ್ಟುವ ಅದೇ ಮರುಗ. ಸಸ್ಯಶಾಸ್ತ್ರದ ಹೆಸರಿನಲ್ಲಿ ಮರುಗ ಒರಿಗ್ಯಾನಮ್ ಮೇಜೊರಾನ, ಒರೆಗಾನೊ ಒರಿಗ್ಯಾನಮ್ ವಲ್ಗೇರ್. ಗ್ರೀಕಿನಲ್ಲಿ ‘ಓರೊಸ್’ ಎಂದರೆ ಬೆಟ್ಟ. ಗಿಡದ ಹೆಸರನ್ನು ಅದರಿಂದಲೇ ಬಿಡಿಸುವ ವಾಡಿಕೆಯಿದೆ. ‘ಮಲೆಮರುಗ’ ಎಂದು ಬರೆಸಿ.

ಚಿಕ್ಕಮಗಳೂರಿನಿಂದ:
ಬೇಡ. ಮೂಡಿಗೆರೆಯಲ್ಲಿ ನಿಂತು ‘ಮಲೆಮರುಗ’ ಎಂದು ಓದಿದವರು ಅದು ಇಲ್ಲಿಯ ಕಾಡುಗಿಡವೆಂದೇ ನಂಬುತ್ತಾರೆ. ಅದು ಮೆಡಿಟರೇನಿಯನ್ ಸೀಮೆಯದು, ಹಿಮಾಲಯದಲ್ಲೂ ಬೆಳೆಯುತ್ತದೆ; ನಮ್ಮ ಆಷಾಢದ ಮಳೆಗೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಒರೆಗಾನೊ ಎಂದೇ ಬರೆಸಿ. ಕಾಫಿಗೆ ಬೇರೆ ಹೆಸರು ಕಟ್ಟದೆಯೇ ಈ ಜಿಲ್ಲೆ ಕನ್ನಡದಲ್ಲಿ ಬಾಳಿದೆ.

ಹಾಸನದಿಂದ:
ಕಾಫಿಗೆ ನಮ್ಮಲ್ಲಿ ಮರುಗದಷ್ಟು ಪರಿಚಿತರಾದ ಹತ್ತಿರದ ನೆಂಟರಿರಲಿಲ್ಲ. ಅಮೆರಿಕ ಖಂಡದಿಂದ ಬಂದ ಕಾಯಿಯನ್ನು ನಮ್ಮ ಹಿರಿಯರು ಮೆಣಸಿನಕಾಯಿ ಎಂದರು, ‘ಚಿಲ್ಲಿ’ ಎನ್ನಲಿಲ್ಲ. ಸಿಕ್ಕಿದ್ದನ್ನೆಲ್ಲ ಹಾಗೆಯೇ ಎತ್ತಿಕೊಳ್ಳುವುದು ಸೋಮಾರಿತನ.

ಚಿಕ್ಕಮಗಳೂರಿನಿಂದ:
ಮೆಣಸಿನ ಬಳ್ಳಿಗೂ ಮೆಣಸಿನಕಾಯಿ ಗಿಡಕ್ಕೂ ಯಾವ ನೆಂಟಸ್ತಿಕೆ? ಖಾರ ನೋಡಿ ಇಟ್ಟ ಹೆಸರು ಅದು. ಖಾರ ನೋಡಿ ಹೆಸರಿಡುವುದು ಸರಿಯಾದರೆ ವಾಸನೆ ನೋಡಿ ದೊಡ್ಡಪತ್ರೆ ಎನ್ನುವುದೂ ಸರಿ. ಅದನ್ನು ಮೊದಲ ಮಾತಿನಲ್ಲೇ ತಳ್ಳಿಹಾಕಿದವರು ನೀವು. ಇನ್ನು ಸೋಮಾರಿತನದ ಮಾತು: ಅನಾನಸ್, ಮೇಜು, ಸಾಬೂನು ಎನ್ನುವವರೆಲ್ಲ ಸೋಮಾರಿಗಳೇ?

ಮೂಡಿಗೆರೆಯಿಂದ:
ಇಬ್ಬರಿಗೂ ವಂದನೆಗಳು. ಮೇಲೆ ದೊಡ್ಡದಾಗಿ ‘ಒರೆಗಾನೊ’, ಕೆಳಗೆ ಸಣ್ಣಕ್ಷರದಲ್ಲಿ ‘ಮರುಗದ ಜಾತಿ’ ಎಂದು ಬರೆಸುತ್ತೇನೆ. ದೊಡ್ಡಪತ್ರೆಗೆ ಬೇರೆ ಫಲಕ.