ಫ್ರಾನ್ಸ್‌ನ ಹಳ್ಳಿದಾರಿಗಳಲ್ಲಿ ಗಾಡಿಗಳ ಕಾಟವಿಲ್ಲದೆ ಸೈಕಲ್: ಎಲ್ಲಿ ಹೋಗಬೇಕು?

ಪ್ರಶ್ನೆ, ಬೆಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್‌ಗೆ ಹೋಗುತ್ತಿದ್ದೇವೆ. ಹತ್ತು ದಿನ ಬರೀ ಸೈಕಲ್‌ಗೆ ಇಟ್ಟಿದ್ದೇವೆ. ಭಾನುವಾರ ಬೆಳಗ್ಗೆ ಐದಕ್ಕೆ ಎದ್ದು ನಂದಿ ಕಡೆ ಹೋಗುವ ಅಭ್ಯಾಸ ಇಬ್ಬರಿಗೂ ಇದೆ. ದಿನಕ್ಕೆ 60–70 ಕಿ.ಮೀ. ಕಷ್ಟವಲ್ಲ. ಆದರೆ ಕಳೆದ ವರ್ಷ ಒಂದು ಲಾರಿ ಅವಳನ್ನು ಸವರಿಕೊಂಡೇ ಹೋಯಿತು. ಅವತ್ತಿನಿಂದ ಹಿಂದೆ ಗಾಡಿ ಸದ್ದು ಕೇಳಿದರೆ ಅವಳ ಕೈ ನಡುಗುತ್ತದೆ. ಹಾಗಾಗಿ ನೋಡುವ ಜಾಗಗಳಿಗಿಂತ ರಸ್ತೆ ಖಾಲಿ ಇರುವುದು ಮುಖ್ಯ. ರೋಡ್ ಬೈಕ್, ಅಂದರೆ ತೆಳ್ಳಗಿನ ಟೈರಿನ ಸೈಕಲ್, ಅಲ್ಲೇ ಬಾಡಿಗೆಗೆ ತಗೊಳ್ಳುತ್ತೇವೆ. ಇಬ್ಬರೂ ಸಸ್ಯಾಹಾರಿಗಳು. ಓಡಿಸಿದವರು ದಯವಿಟ್ಟು ಹೇಳಿ.

ತುಲೂಸ್‌ನಿಂದ

ನಿಮ್ಮವರ ಭಯ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ. ಮೊದಲ ಎರಡು ದಿನ ಮೋಟಾರ್ ಗಾಡಿ ಬರುವ ಹಾಗೇ ಇಲ್ಲದ ದಾರಿ ಹಿಡಿಯಿರಿ. ಇಲ್ಲಿ ಅದಕ್ಕೆ ‘ವ್ವಾ ವೆರ್ತ್’ ಅಂತಾರೆ, ಹಸಿರು ದಾರಿ. ಹಳಿ ಕಿತ್ತ ಹಳೇ ರೈಲು ಮಾರ್ಗ, ಇಲ್ಲವೇ ಕಾಲುವೆ ದಂಡೆ. ‘ವೆಲೋರೂಟ್’ ಅಂತ ಬರೆದಿದ್ದರೆ ಅದು ಬೇರೆ. ಅದರಲ್ಲಿ ನಡುನಡುವೆ ಕಾರು ಓಡುವ ರಸ್ತೆಯೂ ಸೇರಿರುತ್ತದೆ. ಎರಡಕ್ಕೂ ಬೋರ್ಡ್ ಹಾಕಿರುತ್ತಾರೆ, ಹೊಸಬರು ಒಂದೇ ಅಂದುಕೊಳ್ಳುತ್ತಾರೆ.

ನಾನು ಹೇಳುವುದು ಗರೋನ್ ಕಾಲುವೆ. ತುಲೂಸ್‌ನಿಂದ ಕಾಸ್ತೆ-ಆಂ-ದೋರ್ತ್ ಎಂಬ ಊರಿನವರೆಗೆ 193 ಕಿ.ಮೀ. ದಂಡೆಯ ಮೇಲೆ ಡಾಂಬರು ಇದೆ, ತೆಳ್ಳಗಿನ ಟೈರ್ ಆರಾಮಾಗಿ ಓಡುತ್ತದೆ. ಪೂರ್ತಿ ಮಾಡಬೇಕಿಲ್ಲ. ರೈಲಿನಲ್ಲಿ ಮ್ವಾಸಾಕ್‌ಗೆ ಬಂದು ಇಳಿಯಿರಿ. ಅಲ್ಲಿಂದ ಆಜೆನ್‌ಗೆ ಸುಮಾರು 45 ಕಿ.ಮೀ. ಸೆಪ್ಟೆಂಬರ್‌ನಲ್ಲಿ ಆ ಕಡೆ ದ್ರಾಕ್ಷಿ, ಪ್ಲಮ್ ಕೊಯ್ಲಿನ ಕಾಲ. ಆಜೆನ್‌ನಲ್ಲಿ ಕಾಲುವೆಯೇ ಕಲ್ಲಿನ ಸೇತುವೆ ಮೇಲೆ ಗರೋನ್ ನದಿಯನ್ನು ದಾಟುತ್ತದೆ. ಕೆಳಗೆ ಹೊಳೆ, ಮೇಲೆ ದೋಣಿ, ಪಕ್ಕದಲ್ಲಿ ನೀವು.

ಎಲ್ಲರೂ ಕ್ಯಾನಾಲ್ ದ್ಯು ಮಿದಿ ಹೆಸರು ಹೇಳುತ್ತಾರೆ. 1681ರಲ್ಲಿ ತೆರೆದ ಕಾಲುವೆ ಅದು, ನಿಜಕ್ಕೂ ಸುಂದರ. ಆದರೆ ತುಲೂಸ್‌ನಿಂದ ಐವತ್ತು ಕಿ.ಮೀ. ಆದ ಮೇಲೆ ಬಹಳ ಕಡೆ ಮಣ್ಣು ದಾರಿ, ಮರದ ಬೇರು. ರೋಡ್ ಬೈಕ್‌ಗೆ ಬೇಡ. ಅದರ ದಂಡೆಯ ಸಾಲುಮರಗಳಿಗೂ ರೋಗ ತಗುಲಿ 2006ರಿಂದ ಸಾವಿರಾರು ಮರ ಕಡಿದಿದ್ದಾರೆ. ನೋಡಿದರೆ ಸಂಕಟವಾಗುತ್ತದೆ.

ಮೈಸೂರಿನಿಂದ

ಕಾಲುವೆ ಒಂದೆರಡು ದಿನಕ್ಕೆ ಸರಿ. ಹತ್ತು ದಿನ ಬೇಡ. ಎಡಕ್ಕೆ ನೀರು, ಬಲಕ್ಕೆ ಮರ, ಮುಂದೆ ನೇರ ದಾರಿ. ನಂದಿ ಹತ್ತುವವರಿಗೆ ಬೇಜಾರಾಗುತ್ತದೆ. ಫ್ರಾನ್ಸ್‌ನ ನಿಜವಾದ ಸಂಪತ್ತು ಹೆಸರಿಲ್ಲದ ಸಣ್ಣ ರಸ್ತೆಗಳು.

ನಾನು ಇದನ್ನು ಕಂಡುಕೊಂಡಿದ್ದು 2019ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ನಲ್ಲಿ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ, ಸುಮಾರು 1200 ಕಿ.ಮೀ.ಯನ್ನು 90 ಗಂಟೆಯಲ್ಲಿ ಮುಗಿಸಬೇಕಾದ ಸವಾರಿ. ಬೆಂಗಳೂರಿನಿಂದಲೂ ಹೋಗುತ್ತಾರೆ, ನಿಮಗೆ ಗೊತ್ತಿರಬಹುದು. ನನಗೆ ಮುಗಿಸಲಾಗಲಿಲ್ಲ. ಬ್ರೆಸ್ಟ್ ಕಡೆ ಪೂರ್ತಿ ಎದುರುಗಾಳಿ. ಆದರೆ ವಾಯವ್ಯ ಫ್ರಾನ್ಸ್‌ನ ಬ್ರಿಟನಿ ಸೀಮೆಯ ಹಳ್ಳಿಯಲ್ಲಿ ರಾತ್ರಿ ಎರಡು ಗಂಟೆಗೆ ಒಬ್ಬ ಅಜ್ಜಿ ಮನೆ ಮುಂದೆ ಮೇಜು ಹಾಕಿಕೊಂಡು ಕಾಫಿ ಕೊಟ್ಟರು. ದುಡ್ಡು ತಗೊಳ್ಳಲಿಲ್ಲ. ಎರಡು ವರ್ಷ ಬಿಟ್ಟು, ಗಡಿಯಾರ ನೋಡದೆ ಅದೇ ಸೀಮೆಯಲ್ಲಿ ಓಡಿಸಲು ಮತ್ತೆ ಹೋದೆ.

ರಸ್ತೆ ಹುಡುಕುವುದು ಹೀಗೆ. ಮಿಶೆಲಿನ್ ಕಾಗದದ ಭೂಪಟ ಕೊಳ್ಳಿ. ಕೆಂಪು ರಸ್ತೆಗೆ ಹೋಗಲೇಬೇಡಿ. ಹಳದಿಯದು ಬೇರೆ ದಾರಿ ಇಲ್ಲದಿದ್ದರೆ ಮಾತ್ರ. ಬಿಳಿ ರಸ್ತೆ ನಿಮ್ಮದು. ಪಕ್ಕದಲ್ಲಿ ಹಸಿರು ಗೆರೆ ಇದ್ದರೆ ನೋಟ ಚೆನ್ನಾಗಿದೆ ಅಂತ. ರಸ್ತೆ ಮೇಲೆ ಸಣ್ಣ ಬಾಣದ ಗುರುತು ಇದ್ದರೆ ಏರು. ಒಂದು ಬಾಣ 5 ರಿಂದ 9 ಶೇಕಡಾ, ಎರಡು 9 ರಿಂದ 13, ಮೂರಿದ್ದರೆ ಅದಕ್ಕಿಂತ ಜಾಸ್ತಿ. ರಸ್ತೆ ಬೋರ್ಡಿನಲ್ಲಿ ‘ಡಿ’ ಅಕ್ಷರದ ಮುಂದೆ ಮೂರಂಕಿ ಇದ್ದರೆ ಸಾಮಾನ್ಯವಾಗಿ ಖಾಲಿ. ಡಿ 2, ಡಿ 7 ಥರದ್ದು ಅನೇಕ ಸಲ ಆ ಜಿಲ್ಲೆಯ ದೊಡ್ಡ ರಸ್ತೆ. ಫೋನಿನ ಆ್ಯಪ್ ಅಷ್ಟನ್ನೇ ನಂಬಿದರೆ ಹತ್ತಿರದ ದಾರಿ ಅಂತ ಅಂಥದ್ದಕ್ಕೇ ತಂದು ಬಿಡುತ್ತದೆ.

ಇನ್ನು ಲಾರಿ ವಿಷಯ. ಇದನ್ನು ನಿಮ್ಮವರಿಗೆ ಖಂಡಿತ ಹೇಳಿ. ಅಲ್ಲಿ ಶನಿವಾರ ರಾತ್ರಿ ಹತ್ತರಿಂದ ಭಾನುವಾರ ರಾತ್ರಿ ಹತ್ತರವರೆಗೆ 7.5 ಟನ್ ಮೀರಿದ ಸರಕು ಲಾರಿ ಓಡಿಸುವ ಹಾಗಿಲ್ಲ, ಕೆಲವು ವಿನಾಯಿತಿ ಬಿಟ್ಟರೆ. ದೊಡ್ಡ ರಸ್ತೆ ಮೇಲೆ ಹೋಗಲೇಬೇಕಾದ ತುಂಡನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ. ದಿನಾ ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರವರೆಗೂ ಊರಿಗೆ ಊರೇ ಊಟಕ್ಕೆ ಕೂತಿರುತ್ತದೆ. ಆ ಹೊತ್ತಿನಲ್ಲಿ ಬಿಳಿ ರಸ್ತೆಯಲ್ಲಿ ಒಂದೂ ಕಾರು ಕಾಣದೆ ನಾನು ಇಪ್ಪತ್ತು ಕಿ.ಮೀ. ಓಡಿಸಿದ್ದೇನೆ. ಊರ ಹೊರಗೆ ಸೈಕಲ್ ದಾಟುವಾಗ ಒಂದೂವರೆ ಮೀಟರ್ ಜಾಗ ಬಿಡಬೇಕು ಅನ್ನುವುದು ಕಾನೂನು. ನಾನು ಕಂಡ ಹಳ್ಳಿ ಕಡೆಯ ಹೆಚ್ಚಿನವರು ಹಿಂದೆಯೇ ಸುಮ್ನೆ ಕಾದು, ದಾರಿ ತೆರವಾದ ಮೇಲೆ ಪೂರ್ತಿ ಆಚೆ ಬದಿಗೆ ಹೋಗಿ ದಾಟುತ್ತಿದ್ದರು. ಹಾರ್ನ್ ಇಲ್ಲ.

ಲಿಯೋನ್‌ನಿಂದ

ನಮ್ಮದು ಮಗಳನ್ನು ಹಿಂದೆ ಕೂರಿಸಿಕೊಂಡು ಹೋದ ಅನುಭವ. ಬರ್ಗಂಡಿಯಲ್ಲಿ ಜೀವ್ರಿಯಿಂದ ಕ್ಲೂನಿಗೆ 44 ಕಿ.ಮೀ., ಹಳೇ ರೈಲು ದಾರಿ. ಫ್ರಾನ್ಸ್‌ನ ಮೊದಲ ಹಸಿರು ದಾರಿ ಅದೇ, 1997ರದ್ದು. ದ್ರಾಕ್ಷಿ ತೋಟ, ಬಿಳಿ ದನಗಳು, ಹಳೇ ಸ್ಟೇಷನ್ ಕಟ್ಟಡಗಳು. ಕ್ಲೂನಿಯಿಂದ ಮಾಕೋನ್ ಕಡೆಗೆ ಹೋದರೆ 1.6 ಕಿ.ಮೀ. ಸುರಂಗ ಸಿಗುತ್ತದೆ. ಬೇಸಿಗೆಯಲ್ಲೂ ಒಳಗೆ ಚಳಿ, ಜಾಕೆಟ್ ಬೇಕು. ಚಳಿಗಾಲದಲ್ಲಿ ಬಾವಲಿಗಳಿಗಾಗಿ ಮುಚ್ಚುತ್ತಾರೆ. ಜುಲೈ, ಆಗಸ್ಟ್‌ನ ಶನಿವಾರ ಭಾನುವಾರ ಮಕ್ಕಳು, ನಾಯಿಗಳು ತುಂಬಿರುತ್ತವೆ, ವೇಗ ಸಾಧ್ಯವಿಲ್ಲ. ಸೆಪ್ಟೆಂಬರ್ ಒಳ್ಳೆಯ ಆಯ್ಕೆ.

ಮತ್ತೆ ಬೆಂಗಳೂರಿನಿಂದ

ತುಂಬಾ ಥ್ಯಾಂಕ್ಸ್. ಇಬ್ಬರೂ ಕೂತು ಓದಿದೆವು. ಲಾರಿ ಇಲ್ಲದ ಭಾನುವಾರದ ವಿಷಯವನ್ನು ಅವಳು ಎರಡು ಸಲ ಓದಿದಳು. ಮ್ವಾಸಾಕ್‌ನಿಂದ ಶುರು ಮಾಡೋಣ ಅಂತಿದ್ದೇವೆ. ಆಜೆನ್ ಆದ ಮೇಲೆ ಬಿಳಿ ರಸ್ತೆಗೆ ಎಲ್ಲಿ ಇಳಿಯಬೇಕು? ಊಟ ಹೇಗೆ?

ತುಲೂಸ್‌ನಿಂದ

ಆಜೆನ್‌ನಿಂದ ದಕ್ಷಿಣಕ್ಕೆ ತಿರುಗಿ, ಜೆರ್ಸ್ ಜಿಲ್ಲೆಗೆ. ಲೆಕ್ತೂರ್, ಕೊಂದೋಂ, ಕೋಟೆಯೊಳಗೇ ಇರುವ ಪುಟ್ಟ ಲಾರೆಸ್ಸೆಂಗ್ಲ್. ಮೈಸೂರಿನವರು ಹೇಳಿದ ಬಿಳಿ ರಸ್ತೆಗಳು ಅಲ್ಲಿ ಜೇಡರ ಬಲೆಯ ಹಾಗಿವೆ. ಒಂದು ಗುಟ್ಟು ತಿಳಿದಿರಲಿ. ಅಲ್ಲಿನ ಹೊಳೆಗಳೆಲ್ಲ ಲಾನ್‌ಮೆಜಾಂ ಎಂಬ ಎತ್ತರದ ಬಯಲಿನಿಂದ ಬೀಸಣಿಗೆ ಬಿಚ್ಚಿದ ಹಾಗೆ ಉತ್ತರಕ್ಕೆ ಹರಿಯುತ್ತವೆ. ನೀವು ಉತ್ತರ-ದಕ್ಷಿಣ ಓಡಿಸಿದರೆ ಹೊಳೆ ಪಕ್ಕದಲ್ಲೋ ದಿಬ್ಬದ ಬೆನ್ನ ಮೇಲೋ ಹಾಯಾಗಿ ಹೋಗಬಹುದು. ಪೂರ್ವ-ಪಶ್ಚಿಮ ಹೊರಟಿರೋ, ಒಂದೊಂದು ಹೊಳೆಗೂ ಇಳಿದು ಹತ್ತಬೇಕು. ನಾನು ಮೊದಲ ಸಲ ಭೂಪಟದಲ್ಲಿ ದೂರ ಮಾತ್ರ ನೋಡಿ ಅಡ್ಡಡ್ಡ ಹೋಗಿ 55 ಕಿ.ಮೀ.ಗೇ ಸುಸ್ತಾಗಿದ್ದೆ. ದಿಬ್ಬದ ದಾರಿ ಹಿಡಿದರೆ ಆಕಾಶ ತಿಳಿಯಾದ ದಿನ ಪಿರೆನೀಸ್ ಬೆಟ್ಟಸಾಲು ಪೂರ್ತಿ ಕಾಣುತ್ತದೆ.

‘ಗ್ರಾವಿಯೋಂ’ ಅಂತ ಬೋರ್ಡ್ ಕಂಡರೆ ನಿಧಾನ. ಬೇಸಿಗೆಯಲ್ಲಿ ರಸ್ತೆಗೆ ಟಾರು ಹಾಕಿ ಸಣ್ಣ ಜಲ್ಲಿ ಚೆಲ್ಲಿರುತ್ತಾರೆ, ಇಳಿಜಾರಿನಲ್ಲಿ ಚಕ್ರ ಜಾರುತ್ತದೆ. ಊರೊಳಗೆ ಬೋರ್ಡ್ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ಗಾಡಿಗೇ ಮೊದಲ ದಾರಿ.

ಊಟ ಸ್ವಲ್ಪ ಕಷ್ಟ, ಮುಚ್ಚಿಡುವುದಿಲ್ಲ. ಜೆರ್ಸ್ ಅಂದರೆ ಬಾತುಕೋಳಿ ಸೀಮೆ. ಹಳ್ಳಿ ಹೋಟೆಲಿನಲ್ಲಿ ‘ಸಾಂ ವಿಯಾಂದ್, ಸಾಂ ಪ್ವಾಸೋಂ’ ಅನ್ನಿ, ಮಾಂಸ ಮೀನು ಬೇಡ ಅಂತ. ಸಲಾಡ್ ಕೇಳಿದರೂ ಹೇಳಿ, ಮೇಲೆ ಹಂದಿಮಾಂಸದ ಚೂರು ಉದುರಿಸಿರಬಹುದು. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದರೆ ಸಂತೆಯಲ್ಲಿ ಟೊಮೆಟೊ, ಬೀನ್ಸ್ ತಂದು ಅನ್ನ ಸಾರು ಮಾಡಿಕೊಳ್ಳಬಹುದು, ನಾವು ಹಾಗೇ ಮಾಡುವುದು. ಹಳ್ಳಿ ಅಂಗಡಿ ಮಧ್ಯಾಹ್ನ ಬಾಗಿಲು ಹಾಕುತ್ತದೆ. ಸೋಮವಾರ ಬಹಳ ಕಡೆ ತೆರೆಯುವುದೇ ಇಲ್ಲ. ಭಾನುವಾರ ಬೆಳಗ್ಗೆಯೇ ಎರಡು ದಿನಕ್ಕಾಗುವಷ್ಟು ಬ್ರೆಡ್ಡು, ಚೀಸ್, ಹಣ್ಣು ತುಂಬಿಕೊಳ್ಳಿ. ನೀರು ಮುಗಿದರೆ ಊರ ಸ್ಮಶಾನಕ್ಕೆ ಹೋಗಿ. ನಮಗೆ ವಿಚಿತ್ರ ಅನ್ನಿಸುತ್ತದೆ, ಆದರೆ ಅಲ್ಲಿ ಸಾಮಾನ್ಯವಾಗಿ ನಲ್ಲಿ ಇರುತ್ತದೆ, ಸೈಕಲ್‌ನವರೆಲ್ಲ ತುಂಬಿಕೊಳ್ಳುತ್ತಾರೆ. ‘ನೋಂ ಪೊತಾಬ್ಲ್’ ಅಂತ ಬರೆದಿದ್ದರೆ ಮಾತ್ರ ಕುಡಿಯಬೇಡಿ.

ಇನ್ನೊಂದು. ನಮ್ಮಲ್ಲಿ ಸಾಮಾನ್ಯವಾಗಿ ಮುಂದಿನ ಬ್ರೇಕ್ ಬಲಗೈಗೆ ಇರುತ್ತದೆ, ಇಲ್ಲಿ ಎಡಗೈಗೆ. ಬಾಡಿಗೆ ಸೈಕಲ್ ಕೈಗೆ ಬಂದ ತಕ್ಷಣ, ಬ್ಯಾಗ್ ಕಟ್ಟುವ ಮೊದಲೇ, ಖಾಲಿ ಜಾಗದಲ್ಲಿ ಹತ್ತು ನಿಮಿಷ ಇಬ್ಬರೂ ಸುತ್ತು ಹಾಕಿ. ರಸ್ತೆಯ ಬಲಬದಿಯಲ್ಲಿ ಹೋಗುವುದೂ ಅಲ್ಲೇ ರೂಢಿಯಾಗಲಿ. ಕಾಲುವೆ ದಂಡೆಯಲ್ಲಿ ನಿಮ್ಮವರನ್ನು ಮುಂದೆ ಬಿಟ್ಟು ನೀವು ಹಿಂದೆ ಬನ್ನಿ. ಹಿಂದಿನಿಂದ ಬರುವುದು ನಿಮ್ಮ ಚಕ್ರದ ಸದ್ದು ಅಂತ ಅವರಿಗೆ ಗೊತ್ತಿರಲಿ.