ಯಲಹಂಕ ನಗರಸಭೆಯ ಕಾಲದ ಚಿತ್ರಗಳು ಮತ್ತು ಕಾಗದಪತ್ರಗಳು: ಸಹಾಯ ಬೇಕು

ಗುಂಪಿನ ಎಲ್ಲ ಹಿರಿಯರಿಗೆ ಮತ್ತು ಸ್ನೇಹಿತರಿಗೆ ನಮಸ್ಕಾರ.

ಬರುವ ರಾಜ್ಯೋತ್ಸವಕ್ಕೆ ಯಲಹಂಕದ ಇತಿಹಾಸವನ್ನು ಕುರಿತು ಒಂದು ಸಣ್ಣ ಪ್ರದರ್ಶನ ಏರ್ಪಡಿಸಲು ನಾವು ಕೆಲವು ನಿವಾಸಿಗಳು ಸಿದ್ಧತೆ ನಡೆಸಿದ್ದೇವೆ. ಕೆಂಪೇಗೌಡರ ವಂಶದ ನಾಡಪ್ರಭುಗಳು ಇಲ್ಲಿಂದ ಆಳಿದ್ದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ 2007ರಲ್ಲಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸುವವರೆಗೆ ಯಲಹಂಕಕ್ಕೆ ತನ್ನದೇ ಆದ ನಗರಸಭೆ ಇತ್ತೆಂಬುದು ಇಂದಿನ ಅನೇಕರಿಗೆ ತಿಳಿದಿಲ್ಲ. ನನ್ನ ಅಭಿಪ್ರಾಯದಲ್ಲಿ, ಊರಿನವರೇ ಊರನ್ನು ನಡೆಸಿದ ಆ ದಿನಗಳ ದಾಖಲೆ ಕೋಟೆಯ ಕಥೆಯಷ್ಟೇ ಮುಖ್ಯವಾದುದು.

ಆದ್ದರಿಂದ ನಿಮ್ಮ ಮನೆಗಳಲ್ಲಿ ಹಳೆಯ ಕಂದಾಯ ರಸೀದಿ, ನಗರಸಭೆ ಚುನಾವಣೆಯ ಕರಪತ್ರ, ನಲ್ಲಿ ಸಂಪರ್ಕದ ಅರ್ಜಿ, ಊರಹಬ್ಬದ ಆಹ್ವಾನ ಪತ್ರಿಕೆಗಳಿದ್ದರೆ ದಯವಿಟ್ಟು ತಿಳಿಸಿ. ಚಿಕ್ಕಬಳ್ಳಾಪುರದ ಕಡೆಗೆ ನ್ಯಾರೋಗೇಜ್ ರೈಲು ಓಡುತ್ತಿದ್ದಾಗಿನ ನಿಲ್ದಾಣದ ಚಿತ್ರ, ಉಪನಗರ ಕಟ್ಟುವ ಮೊದಲಿನ ಹೊಲಗದ್ದೆಗಳ ಚಿತ್ರ, ಕೆರೆ ಕೋಡಿ ಬಿದ್ದಾಗ ತೆಗೆದ ಚಿತ್ರಗಳನ್ನು ವಿಶೇಷವಾಗಿ ಹುಡುಕುತ್ತಿದ್ದೇವೆ. ಮೂಲ ಪ್ರತಿಯನ್ನು ಯಾರೂ ಕೊಡಬೇಕಾಗಿಲ್ಲ. ನಾವೇ ಮನೆಗೆ ಬಂದು ನಿಮ್ಮೆದುರಿನಲ್ಲೇ ಸ್ಕ್ಯಾನ್ ಮಾಡಿಕೊಳ್ಳುತ್ತೇವೆ. ಚಿತ್ರದಲ್ಲಿರುವವರ ಹೆಸರು, ಜಾಗ, ಸುಮಾರು ಯಾವ ವರ್ಷದ್ದು ಎಂಬುದನ್ನು ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರ ಮಾತುಗಳನ್ನೂ ಅನುಮತಿ ಪಡೆದು ಧ್ವನಿಮುದ್ರಿಸಿಕೊಳ್ಳುವ ಆಸೆ ಇದೆ.

ಹಳೆಯ ನಗರಸಭೆಯ ಸಭಾ ನಡಾವಳಿಗಳು ಈಗ ಯಾವ ಕಚೇರಿಯಲ್ಲಿವೆ, ಅವುಗಳನ್ನು ನೋಡಲು ಯಾರಿಗೆ ಅರ್ಜಿ ಸಲ್ಲಿಸಬೇಕು ಎಂಬುದನ್ನು ಬಲ್ಲವರು, ಅದರಲ್ಲೂ ಅಲ್ಲಿ ಕೆಲಸ ಮಾಡಿ ನಿವೃತ್ತರಾದವರು, ದಯಮಾಡಿ ಇಲ್ಲಿಯೇ ಉತ್ತರಿಸಬೇಕೆಂದು ಕೋರುತ್ತೇನೆ.